ಡಿಸಿನಾ, ಮಾರ್ವೆಲ್ಲಾ, ಇನ್ನೊಂದಾ? ಮೂರು ಸಾವಿರ ರೂಪಾಯಿಯ ಪ್ರಶ್ನೆ

ನನ್ನ ಅಕ್ಕನ ಮಗ ತುಮಕೂರಿನ ಎಸ್‌ಐಟಿ ಕಾಲೇಜಿನಲ್ಲಿ ಮೊದಲ ವರ್ಷದ ಇಂಜಿನಿಯರಿಂಗ್ ಓದುತ್ತಿದ್ದಾನೆ. ದೀಪಾವಳಿಗೆ ಅಜ್ಜಿ, ದೊಡ್ಡಪ್ಪ, ನಾನು ಎಲ್ಲರೂ ಕೈಗಿಟ್ಟ ದುಡ್ಡು ಸೇರಿ ಅವನ ಹತ್ತಿರ ಮೂರು ಸಾವಿರ ಉಳಿದಿತ್ತು. ಅಮಾನಿಕೆರೆ ಏರಿ ಮೇಲೆ ಸಂಜೆ ನಡೆಯುವಾಗ ಕೇಳಿದ: "ಮಾವ, ಕಾಮಿಕ್ಸ್ ಓದೋಕೆ ಶುರು ಮಾಡೋಣ ಅಂತಿದ್ದೀನಿ. ಡಿಸಿ ತಗೊಳ್ಳಲಾ, ಮಾರ್ವೆಲ್ ತಗೊಳ್ಳಲಾ?"

ಸಿನಿಮಾ ಎಲ್ಲ ನೋಡಿದ್ದಾನೆ. ಯಾವ ಸಿನಿಮಾದ ಕೊನೆಯಲ್ಲಿ ಯಾರು ಬಂದು ತಲೆ ತೋರಿಸಿ ಹೋದರು ಅಂತ ನಿದ್ದೆಯಲ್ಲೂ ಹೇಳುತ್ತಾನೆ. ಕಾಮಿಕ್ಸ್ ಮಾತ್ರ ಒಂದು ಪುಟವೂ ಓದಿಲ್ಲ. ಈಗ ಇಂಥವರೇ ಜಾಸ್ತಿ. ಡಿಸಿ, ಮಾರ್ವೆಲ್ ಅನ್ನುವ ಅಮೆರಿಕದ ಎರಡು ಕಾಮಿಕ್ಸ್ ಕಂಪನಿಗಳ ಹೆಸರು ಗೊತ್ತು, ಹೀರೋ ಗೊತ್ತು, ಪುಸ್ತಕ ಗೊತ್ತಿಲ್ಲ.

ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಕಂಪನಿ ನೋಡಿ ಆರಿಸಬೇಡ. ಹೀರೋ ನೋಡಿಯೂ ಆರಿಸಬೇಡ. ಪುಸ್ತಕ ಕೈಗೆ ತಗೊಂಡು ಒಂದೇ ಪ್ರಶ್ನೆ ಕೇಳು: ಈ ಕಥೆ ಮುಗಿಯುತ್ತಾ? ಮುಗಿಯುವ ಕಥೆಗೆ ಮೊದಲು ದುಡ್ಡು ಹಾಕು. ಮುಗಿಯದ ಕಥೆಗೆ ಆಮೇಲೆ.

ಲೆಕ್ಕ ಸುಲಭ. ಅಮೆರಿಕದಲ್ಲಿ ಒಂದು ಬಿಡಿ ಸಂಚಿಕೆಗೆ ಈಗ 3.99 ಅಥವಾ 4.99 ಡಾಲರ್. ಅದರಲ್ಲಿ ಕಥೆ ಇರುವುದು ಇಪ್ಪತ್ತು, ಇಪ್ಪತ್ತೆರಡು ಪುಟ. ನಮ್ಮ ದುಡ್ಡಿಗೆ ತಿರುಗಿಸಿ, ಸಾಗಾಟವನ್ನೂ ಸೇರಿಸಿದರೆ ನಾನೂರು, ಐನೂರು ರೂಪಾಯಿ ಆಗುತ್ತೆ. ಓದಿ ಮುಗಿಸಲು ಹದಿನೈದು ನಿಮಿಷ ಸಾಕು. ಅಷ್ಟು ದುಡ್ಡಿಗೆ ಕ್ಯಾತಸಂದ್ರದಲ್ಲಿ ಮನೆಮಂದಿಯೆಲ್ಲ ತಟ್ಟೆ ಇಡ್ಲಿ ತಿಂದು, ಕಾಫಿ ಕುಡಿದು ಬರಬಹುದು. ಅದಕ್ಕೇ ತುಮಕೂರಲ್ಲಿ ಕೂತವರಿಗೆ ಬಿಡಿ ಸಂಚಿಕೆ ಬೇಡವೇ ಬೇಡ ಅನ್ನುತ್ತೇನೆ. ಐದಾರು ಸಂಚಿಕೆಗಳನ್ನು ಒಟ್ಟು ಮಾಡಿದ ಸಂಪುಟ ಬರುತ್ತೆ. ಓದುಗರು ಅದನ್ನು 'ಟ್ರೇಡ್' ಅನ್ನುತ್ತಾರೆ. ಕೊಳ್ಳುವುದಾದರೆ ಅದನ್ನೇ ಕೊಳ್ಳಿ.

ಮೊದಲಿನಿಂದ ಓದಬೇಕಾ?

ಎಲ್ಲರಿಗೂ ಇರುವ ಭಯ ಇದು. ಡಿಸಿಯ ಸೂಪರ್‌ಮ್ಯಾನ್ ಬಂದದ್ದು 1938ರಲ್ಲಿ. ಬ್ಯಾಟ್‌ಮ್ಯಾನ್ 1939ರಲ್ಲಿ. ಮಾರ್ವೆಲ್‌ನ ಸ್ಪೈಡರ್-ಮ್ಯಾನ್ 1962ರಲ್ಲಿ. ಅಷ್ಟೂ ವರ್ಷದ್ದು ಓದಬೇಕು ಅಂದರೆ ಯಾರ ಆಯಸ್ಸೂ ಸಾಲದು.

ನಮ್ಮ ತಿಪಟೂರು ಕಡೆ ಮೂಡಲಪಾಯ ಯಕ್ಷಗಾನ ನೋಡಲು ಹೋದವರು ಈ ಪ್ರಶ್ನೆ ಕೇಳಿದ್ದನ್ನು ಕಂಡಿದ್ದೀರಾ? ಕರಿಭಂಟನ ಕಾಳಗ ಅಂದರೆ ಕರಿಭಂಟನ ಕಾಳಗ. ಚಾಪೆ ಹಾಸಿ ಕೂತರಾಯ್ತು. ಹೋದ ವರ್ಷ ಯಾವ ಮೇಳದವರು ಹೇಗೆ ಆಡಿದರು ಅಂತ ಗೊತ್ತಿದ್ದರೆ ಮಜಾ ಸ್ವಲ್ಪ ಜಾಸ್ತಿ. ಗೊತ್ತಿಲ್ಲದಿದ್ದರೆ ನಷ್ಟವೇನಿಲ್ಲ. ಸೂಪರ್‌ಹೀರೋ ಕಾಮಿಕ್ಸ್ ಕೂಡ ಹೀಗೇ ಓಡುವುದು. ಪ್ರಸಂಗ ಹಳೆಯದು, ಭಾಗವತರು ಬದಲಾಗುತ್ತಾ ಇರುತ್ತಾರೆ. ಆದ್ದರಿಂದ ಬ್ಯಾಟ್‌ಮ್ಯಾನ್ ಓದಬೇಕಾ ಅಂತ ಕೇಳುವ ಬದಲು, ಯಾರು ಬರೆದ, ಯಾರು ಚಿತ್ರ ಬಿಡಿಸಿದ ಬ್ಯಾಟ್‌ಮ್ಯಾನ್ ಓದಬೇಕು ಅಂತ ಕೇಳಿ. ಪುಸ್ತಕದ ಮೇಲೆ ಹೀರೋ ಹೆಸರಿನ ಕೆಳಗೆ ಸಣ್ಣಗೆ ಇರುವ ಹೆಸರುಗಳೇ ನಿಜವಾದ ಕಂಪನಿ.

ಇನ್ನೊಂದು ಮೋಸವೂ ಇದೆ. ಒಂದನೇ ಸಂಚಿಕೆ ಅಂದರೆ ಮೊದಲ ಸಂಚಿಕೆ ಅಂದುಕೊಳ್ಳಬೇಡಿ. ಮಾರಾಟ ಏರಲಿ ಅಂತ ಡಿಸಿ, ಮಾರ್ವೆಲ್ ಇಬ್ಬರೂ ಆಗಾಗ ಎಣಿಕೆಯನ್ನು ಮತ್ತೆ ಒಂದರಿಂದ ಶುರು ಮಾಡುತ್ತಾರೆ. ಅಮೇಜಿಂಗ್ ಸ್ಪೈಡರ್-ಮ್ಯಾನ್‌ಗೆ 2025ರ ಏಪ್ರಿಲ್‌ನಲ್ಲಿ ಮತ್ತೊಂದು ಒಂದನೇ ಸಂಚಿಕೆ ಬಂತು. ಬ್ಯಾಟ್‌ಮ್ಯಾನ್‌ಗೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಮ್ಯಾಟ್ ಫ್ರ್ಯಾಕ್ಷನ್ ಬರವಣಿಗೆ, ಹೋರ್ಹೆ ಹಿಮೆನೆಸ್ ಚಿತ್ರ. ಈ ಚಾಳಿ ಮಾರ್ವೆಲ್‌ಗೆ ಒಂಚೂರು ಜಾಸ್ತಿ. 'ಸಂಪುಟ 1' ಅಂತ ಬರೆದಿರುವ ಸ್ಪೈಡರ್-ಮ್ಯಾನ್ ಪುಸ್ತಕ ಎಷ್ಟಿವೆಯೋ ಎಣಿಸಿದವರಿಲ್ಲ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಬರೆದವರ ಹೆಸರು ನೋಡದೆ ಒತ್ತಬೇಡಿ.

ಆಬ್ಸಲ್ಯೂಟ್ ಮತ್ತು ಅಲ್ಟಿಮೇಟ್

ಈಗಿನ ನಿಜವಾದ ಪೈಪೋಟಿ ಇದು. ಮಾಮೂಲಿ ಡಿಸಿ, ಮಾಮೂಲಿ ಮಾರ್ವೆಲ್ ಪಕ್ಕಕ್ಕಿರಲಿ. ಎರಡೂ ಕಂಪನಿಗಳು ಹಳೆಯ ಗಂಟನ್ನು ಬದಿಗಿಟ್ಟು, ಬೇರೆಯದೇ ಲೋಕದಲ್ಲಿ ಅದೇ ಹೀರೋಗಳನ್ನು ಹೊಸದಾಗಿ ಹುಟ್ಟಿಸಿದವು. ಹೊಸಬರಿಗೆ ಇದಕ್ಕಿಂತ ಒಳ್ಳೆ ಬಾಗಿಲು ನಾನು ಕಂಡಿಲ್ಲ.

ಮೊದಲು ಶುರು ಮಾಡಿದ್ದು ಮಾರ್ವೆಲ್. ಅಲ್ಟಿಮೇಟ್ ಅನ್ನುವ ಹೆಸರು ಹಳೆಯದೇ. 2000ದಲ್ಲಿ ಶುರುವಾಗಿ 2015ರವರೆಗೆ ಅದೇ ಹೆಸರಿನ ಒಂದು ಲೋಕ ಇತ್ತು. ಇನ್ನೊಬ್ಬ ಸ್ಪೈಡರ್-ಮ್ಯಾನ್ ಮೈಲ್ಸ್ ಮೊರಾಲೆಸ್ ಹುಟ್ಟಿದ್ದು ಅಲ್ಲೇ. ಈಗಿನದನ್ನು 2023ರಲ್ಲಿ ಜೊನಾಥನ್ ಹಿಕ್‌ಮನ್ ಕಟ್ಟಲು ಶುರು ಮಾಡಿದರು. ಒಬ್ಬ ದುಷ್ಟ ಹಿಂದಿನ ಕಾಲಕ್ಕೆ ಕೈ ಹಾಕಿ, ಹೀರೋಗಳು ಹೀರೋ ಆಗದ ಹಾಗೆ ಮಾಡಿಬಿಟ್ಟಿದ್ದಾನೆ ಅನ್ನುವುದು ಬುಡದ ಕಥೆ.

2024ರ ಜನವರಿಯಲ್ಲಿ ಅಲ್ಟಿಮೇಟ್ ಸ್ಪೈಡರ್-ಮ್ಯಾನ್ ಬಂತು. ಹಿಕ್‌ಮನ್ ಬರವಣಿಗೆ, ಮಾರ್ಕೊ ಕೆಕೆಟ್ಟೊ ಚಿತ್ರ. ಇಲ್ಲಿ ಸ್ಪೈಡರ್-ಮ್ಯಾನ್ ಆಗುವ ಪೀಟರ್ ಪಾರ್ಕರ್ ಹೈಸ್ಕೂಲ್ ಹುಡುಗ ಅಲ್ಲ. ಮೂವತ್ತು ದಾಟಿದ ಗಂಡಸು. ಮೇರಿ ಜೇನ್ ಜೊತೆ ಮದುವೆಯಾಗಿದೆ, ಎರಡು ಮಕ್ಕಳಿವೆ. ಅವನನ್ನು ಸಾಕಿದ ಬೆನ್ ಅಂಕಲ್ ಬದುಕಿದ್ದಾರೆ, ಮೇ ಆಂಟಿ ಇಲ್ಲ. ಜೇಡ ಕಚ್ಚುವುದು ಈಗ. ಅಂದರೆ ಇಎಂಐ, ಮಕ್ಕಳ ಸ್ಕೂಲು, ಬೆಳಿಗ್ಗೆ ಆಫೀಸು ಎಲ್ಲ ಇರುವವನಿಗೆ ಶಕ್ತಿ ಬಂದರೆ ಏನಾಗುತ್ತೆ? ಹೆಂಡತಿಗೆ ಯಾವಾಗ ಹೇಳುವುದು? ಈ ಪ್ರಶ್ನೆ ನನ್ನ ವಯಸ್ಸಿನವರನ್ನು ಜಾಸ್ತಿ ಹಿಡಿಯುತ್ತೆ. ನನಗಂತೂ ಹೊಡೆದಾಟಕ್ಕಿಂತ, ಬೆನ್ ಅಂಕಲ್ ಮತ್ತು ಪತ್ರಿಕೆ ಸಂಪಾದಕ ಜೋನಾ ಜೇಮ್ಸನ್ ಇಬ್ಬರು ಮುದುಕರು ಕೆಲಸ ಬಿಟ್ಟು ಸ್ವಂತ ಪತ್ರಿಕೆ ಶುರು ಮಾಡುವ ಪುಟಗಳೇ ಇಷ್ಟವಾದವು. ಊಟದ ಟೇಬಲ್ ಮುಂದೆ ಕೂತು ಮಾತಾಡುವುದನ್ನೂ ಕೆಕೆಟ್ಟೊ ಬೇಜಾರಾಗದ ಹಾಗೆ ಬಿಡಿಸುತ್ತಾರೆ. ಅದು ಸುಲಭದ ಕೆಲಸ ಅಲ್ಲ.

ಇನ್ನೊಂದು ಚಂದದ ಕಟ್ಟುಪಾಡು ಇದೆ. ಈ ಸಾಲಿನಲ್ಲಿ ಒಂದು ಸಂಚಿಕೆಯಿಂದ ಇನ್ನೊಂದಕ್ಕೆ ಬರುವಾಗ ಕಥೆಯೊಳಗೂ ಒಂದು ತಿಂಗಳು ಕಳೆದಿರುತ್ತೆ. ಮಕ್ಕಳು ನಿಜವಾಗಿ ಬೆಳೆಯುತ್ತಾರೆ. ತೊಂದರೆ ಏನೆಂದರೆ, ನಡುವೆ ಆದದ್ದನ್ನು ಎಷ್ಟೋ ಸಲ ಬರೀ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಎರಡನೇ ಸಂಪುಟದ ಹೊತ್ತಿಗೆ 'ಅರೆ, ಇದನ್ನು ತೋರಿಸಬಹುದಿತ್ತಲ್ವಾ' ಅನಿಸಲು ಶುರುವಾಗುತ್ತೆ.

ಡಿಸಿಯ ಆಬ್ಸಲ್ಯೂಟ್ ಸಾಲು 2024ರ ಅಕ್ಟೋಬರ್‌ನಲ್ಲಿ ಬಂತು. ಆಬ್ಸಲ್ಯೂಟ್ ಬ್ಯಾಟ್‌ಮ್ಯಾನ್ ಬರೆದದ್ದು ಸ್ಕಾಟ್ ಸ್ನೈಡರ್, ಚಿತ್ರ ನಿಕ್ ಡ್ರಗೊಟ್ಟ. ಬ್ಯಾಟ್‌ಮ್ಯಾನ್ ಆಗುವ ಬ್ರೂಸ್ ವೇನ್ ಹತ್ತಿರ ಇಲ್ಲಿ ದುಡ್ಡಿಲ್ಲ. ಬಂಗಲೆ ಇಲ್ಲ. ಅಪ್ಪ ಮೇಷ್ಟ್ರು, ಗುಂಡೇಟಿಗೆ ಸತ್ತದ್ದು ಝೂ ಒಳಗೆ, ಅದಕ್ಕೇ ಮೊದಲ ಸಂಪುಟದ ಹೆಸರೂ 'ದ ಝೂ'. ಅಮ್ಮ ಬದುಕಿದ್ದಾಳೆ. ಬ್ರೂಸ್ ಓದಿರುವುದು ಇಂಜಿನಿಯರಿಂಗ್. (ಇಷ್ಟು ಹೇಳಿದ ತಕ್ಷಣ ಹುಡುಗನ ಕಿವಿ ನೆಟ್ಟಗಾಯ್ತು.) ಆಲ್‌ಫ್ರೆಡ್ ಇಲ್ಲಿ ಮನೆ ನೋಡಿಕೊಳ್ಳುವವನಲ್ಲ, ಅವನ ಮೇಲೆ ಕಣ್ಣಿಡಲು ಬಂದ ಗುಪ್ತಚರ. ಮುಂದೆ ವೈರಿಗಳಾಗಬೇಕಾದ ಹಲವರು ಇಲ್ಲಿ ಬಾಲ್ಯದ ಗೆಳೆಯರು, ಜೊತೆಗೆ ಇಸ್ಪೀಟು ಆಡುವವರು. ಎದೆ ಮೇಲಿನ ಬಾವಲಿ ಗುರುತು ಕಿತ್ತರೆ ಅದೇ ಕೊಡಲಿ.

ಕೇಳಲು ಚಿಲ್ಲರೆ ಅನಿಸಬಹುದು. ಓದುವಾಗ ಹಾಗಲ್ಲ. ಹಳೆಯ ಬ್ಯಾಟ್‌ಮ್ಯಾನ್ ಬಗ್ಗೆ ನನಗೆ ಮೊದಲಿನಿಂದ ಒಂದು ಕಿರಿಕಿರಿ ಇತ್ತು. ಊರಿಗೆ ದೊಡ್ಡ ಸಾಹುಕಾರ, ರಾತ್ರಿ ಬೀದಿ ಕಳ್ಳರನ್ನು ಹೊಡೆಯುವುದು ಯಾಕೆ? ಸ್ನೈಡರ್ ಆ ಪ್ರಶ್ನೆಯನ್ನೇ ತಿರುಗಿಸಿದ್ದಾರೆ. ಇಲ್ಲಿ ದುಡ್ಡಿರುವುದು ವೈರಿಗಳ ಹತ್ತಿರ. ಡ್ರಗೊಟ್ಟ ಬಿಡಿಸುವ ಬ್ಯಾಟ್‌ಮ್ಯಾನ್ ಗರಡಿ ಪೈಲ್ವಾನನ ಹಾಗೆ ಪುಟ ತುಂಬಿ ಆಚೆಗೂ ಚಾಚಿರುತ್ತಾನೆ. ರಕ್ತ ಜಾಸ್ತಿ. ಹತ್ತು ಹನ್ನೆರಡರ ಮಕ್ಕಳಿಗೆ ಕೊಡಬೇಡಿ.

ಅದೇ ಸಾಲಿನಲ್ಲಿ ಆಬ್ಸಲ್ಯೂಟ್ ವಂಡರ್ ವುಮನ್ ಇದೆ. ಕೆಲ್ಲಿ ಥಾಂಪ್ಸನ್ ಬರವಣಿಗೆ, ಹೇಡನ್ ಶರ್ಮನ್ ಚಿತ್ರ. ಇವಳು ಬೆಳೆದದ್ದು ನರಕದಲ್ಲಿ, ಸರ್ಸಿ ಅನ್ನುವ ಮಾಟಗಾರ್ತಿಯ ಮಡಿಲಲ್ಲಿ. ಆದರೂ ಕರುಣೆ ಬಿಟ್ಟಿಲ್ಲ. ನನ್ನ ಮಟ್ಟಿಗೆ ಇಡೀ ಆಬ್ಸಲ್ಯೂಟ್ ಸಾಲಿನಲ್ಲಿ ಇದೇ ಒಳ್ಳೆಯದು. ಬ್ಯಾಟ್‌ಮ್ಯಾನ್ ಜಾಸ್ತಿ ಸದ್ದು ಮಾಡುತ್ತೆ, ಅಷ್ಟೇ. ಆಬ್ಸಲ್ಯೂಟ್ ಮಾರ್ಷಿಯನ್ ಮ್ಯಾನ್‌ಹಂಟರ್ ಬರೆದದ್ದು ಡೆನಿಜ್ ಕ್ಯಾಂಪ್, ಬಿಡಿಸಿದ್ದು ಹಾವಿಯೆರ್ ರೊಡ್ರಿಗೆಜ್. ಮನುಷ್ಯರ ಯೋಚನೆಗಳನ್ನು ಬಣ್ಣದ ಹೊಗೆಯ ಹಾಗೆ ತೋರಿಸುತ್ತಾರೆ. ಕಥೆ ಅರ್ಥವಾಗುವ ಮೊದಲೇ ಕಣ್ಣಿಗೆ ಹಬ್ಬ. ಮೊದಲ ಪುಸ್ತಕವಾಗಿ ಮಾತ್ರ ಬೇಡ. ಆಬ್ಸಲ್ಯೂಟ್ ಸೂಪರ್‌ಮ್ಯಾನ್ ಪರವಾಗಿಲ್ಲ. ಫ್ಲ್ಯಾಶ್ ಮತ್ತು ಗ್ರೀನ್ ಲ್ಯಾಂಟರ್ನ್ ನನಗೆ ಹಿಡಿಸಲಿಲ್ಲ.

ಹಾಗಾದರೆ ಎರಡರಲ್ಲಿ ಯಾವುದು? ಒಂದೊಂದೇ ಪುಸ್ತಕ ಪಕ್ಕಪಕ್ಕ ಇಟ್ಟರೆ ಆಬ್ಸಲ್ಯೂಟ್ ಮೇಲು. ಚಿತ್ರದಲ್ಲೂ ಮೇಲು, ಧೈರ್ಯದಲ್ಲೂ ಮೇಲು. ಆದರೆ ನನ್ನ ಪ್ರಶ್ನೆ ಬೇರೆ ಇತ್ತಲ್ಲ. ಅಲ್ಟಿಮೇಟ್ ಲೋಕವನ್ನು 2026ರ ಏಪ್ರಿಲ್‌ಗೆ ಮುಗಿಸುತ್ತೇವೆ ಅಂತ ಮಾರ್ವೆಲ್ ಮುಂಚೆಯೇ ಹೇಳಿತು. ಅಭಿಮಾನಿಗಳು ಗೋಳಾಡಿದರು. ನಾನು ಖುಷಿಪಟ್ಟೆ. ಇಷ್ಟು ಸಂಪುಟ, ಇಷ್ಟು ದುಡ್ಡು ಅಂತ ಲೆಕ್ಕ ಹಾಕಿ ಕೊಳ್ಳಬಹುದು. ಆಬ್ಸಲ್ಯೂಟ್ ಬ್ಯಾಟ್‌ಮ್ಯಾನ್‌ನದು ಇನ್ನೂ ಓಡುವ ಬಂಡಿ. ಹತ್ತಿದರೆ ಎಲ್ಲಿ ಇಳಿಯುತ್ತೀರಿ ಅಂತ ಹೇಳಲಾಗದು. ಪೂರ್ತಿ ಕಥೆ ಬೇಕಾದವರು ಅಲ್ಟಿಮೇಟ್ ಸ್ಪೈಡರ್-ಮ್ಯಾನ್ ಹಿಡಿಯಿರಿ. ತಿಂಗಳು ತಿಂಗಳು ಕಾಯುವುದರಲ್ಲೇ ಸುಖ ಅನ್ನುವವರು ಆಬ್ಸಲ್ಯೂಟ್ ಹಿಡಿಯಿರಿ.

ನಡುವೆ ಒಂದು ತಮಾಷೆ. ಇಪ್ಪತ್ತು ವರ್ಷ ಮಾತುಕತೆ ಬಿಟ್ಟಿದ್ದ ಈ ಎರಡು ಮನೆಗಳವರು 2025ರಲ್ಲಿ ಮತ್ತೆ ಒಂದಾಗಿ ಡಿಸಿಯ ಬ್ಯಾಟ್‌ಮ್ಯಾನ್ ಮತ್ತು ಮಾರ್ವೆಲ್‌ನ ಡೆಡ್‌ಪೂಲ್ ಭೇಟಿ ಮಾಡಿಸಿದರು. ಸೆಪ್ಟೆಂಬರ್‌ನಲ್ಲಿ ಮಾರ್ವೆಲ್ ಒಂದು, ನವೆಂಬರ್‌ನಲ್ಲಿ ಡಿಸಿ ಒಂದು. ಅದಕ್ಕೆ ಹಿಂದಿನದು 2003-04ರ ಜಸ್ಟಿಸ್ ಲೀಗ್ ಮತ್ತು ಅವೆಂಜರ್ಸ್ ಮುಖಾಮುಖಿ. ಹೊಸಬರು ಇದನ್ನು ಕೊಳ್ಳಬೇಕಿಲ್ಲ. ಬೀಗರ ಮನೆ ಊಟದ ಹಾಗೆ, ಒಂದು ಸಲ ಚಂದ.

ಈಗಾಗಲೇ ಮುಗಿದಿರುವುದು ಬೇಕು ಅಂದರೆ

ಡಿಸಿ 2024ರಿಂದ ಕಾಂಪ್ಯಾಕ್ಟ್ ಅನ್ನುವ ಅಳತೆಯಲ್ಲಿ ಹಳೆಯ ಒಳ್ಳೆ ಕಥೆಗಳನ್ನು ತರುತ್ತಿದೆ. ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ಕಾದಂಬರಿಯಷ್ಟು ದಪ್ಪ. ಬೆಲೆ 9.99 ಡಾಲರ್. ಇದರಲ್ಲಿ ಹನ್ನೆರಡು ಸಂಚಿಕೆಯ ಪೂರ್ತಿ ಕಥೆಯೂ ಸಿಗುತ್ತೆ. ಬಿಡಿ ಸಂಚಿಕೆ ಎರಡರ ಬೆಲೆಗೆ ಹನ್ನೆರಡು! ಕೊಬ್ಬರಿ ಹರಾಜಿನಲ್ಲಿ ಪಳಗಿದ ತಿಪಟೂರಿನವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತೆ.

ಇದರಲ್ಲಿ ಮೊದಲು ತಗೊಳ್ಳಬೇಕಾದದ್ದು ಆಲ್-ಸ್ಟಾರ್ ಸೂಪರ್‌ಮ್ಯಾನ್. ಗ್ರ್ಯಾಂಟ್ ಮಾರಿಸನ್ ಬರವಣಿಗೆ, ಫ್ರ್ಯಾಂಕ್ ಕ್ವೈಟ್ಲಿ ಚಿತ್ರ. 2005ರಿಂದ 2008ರವರೆಗೆ ಬಂದ ಹನ್ನೆರಡು ಸಂಚಿಕೆ. ಸೂರ್ಯನ ಶಕ್ತಿ ಮಿತಿಮೀರಿ ಮೈಗೇರಿ ಸೂಪರ್‌ಮ್ಯಾನ್ ಸಾಯುತ್ತಿದ್ದಾನೆ. ಉಳಿದ ದಿನಗಳಲ್ಲಿ ಏನು ಮಾಡುತ್ತಾನೆ ಅನ್ನುವುದೇ ಕಥೆ. ಸೂಪರ್‌ಮ್ಯಾನ್ ಅಂದರೆ ಸಪ್ಪೆ ಅನ್ನುವವರಿಗೆ ಇದನ್ನು ಕೊಟ್ಟು ಸುಮ್ನೆ ಕೂರಿ. ಅದೇ ಅಳತೆಯಲ್ಲಿ ಬ್ಯಾಟ್‌ಮ್ಯಾನ್‌ನ ಕೋರ್ಟ್ ಆಫ್ ಔಲ್ಸ್ ಕೂಡ ಇದೆ, ಅದೂ ಸ್ನೈಡರ್ ಬರೆದದ್ದೇ.

ಕಾಂಪ್ಯಾಕ್ಟ್‌ನ ತೊಂದರೆ ಅಕ್ಷರ. ಪುಟ ಕುಗ್ಗಿದಾಗ ಅಕ್ಷರವೂ ಕುಗ್ಗಿತು. ವಾಚ್‌ಮೆನ್ ತರದ ಮಾತು ತುಂಬಿದ ಪುಸ್ತಕವನ್ನು ಈ ಅಳತೆಯಲ್ಲಿ ಓದಲು ಹೋಗಿ ಕನ್ನಡಕ ಬದಲಾಯಿಸಬೇಕಾ ಅಂತ ಯೋಚಿಸಿದ್ದೇನೆ. ನಲವತ್ತು ದಾಟಿದವರು ದೊಡ್ಡ ಅಳತೆಯದನ್ನೇ ನೋಡಿ. ಕಾಲೇಜು ಹುಡುಗರಿಗೆ ಚಿಂತೆಯಿಲ್ಲ.

ಮಾರ್ವೆಲ್‌ನಲ್ಲಿ ಮುಗಿದ ಕಥೆ ಹುಡುಕುವುದು ಸ್ವಲ್ಪ ಕಷ್ಟ. ಅವರ ಲೋಕ ಒಂದಕ್ಕೊಂದು ಹೆಣೆದುಕೊಂಡ ಬಳ್ಳಿ. ಒಂದು ಎಳೆದರೆ ನಾಲ್ಕು ಬರುತ್ತೆ. ಆದರೆ ಮಾರ್ವೆಲ್‌ಗೆ ಒಂದು ದೊಡ್ಡ ಅನುಕೂಲ ಇದೆ: ಮಾರ್ವೆಲ್ ಅನ್‌ಲಿಮಿಟೆಡ್ ಅನ್ನುವ ಆ್ಯಪ್. ತಿಂಗಳ ಚಂದಾ ಹತ್ತು ಡಾಲರ್ ಆಸುಪಾಸು, ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಇನ್ನೂ ಕಡಿಮೆ. ಮೂವತ್ತು ಸಾವಿರಕ್ಕೂ ಹೆಚ್ಚು ಸಂಚಿಕೆ. ಹೊಸದು ಅಂಗಡಿಗೆ ಬಂದ ಮೂರು ತಿಂಗಳಿಗೆ ಇಲ್ಲಿ ಬರುತ್ತೆ. ರಜೆಯಲ್ಲಿ ಒಂದು ತಿಂಗಳ ಚಂದಾ ಕಟ್ಟಿ ಗುಡ್ಡೆ ಹಾಕಿಕೊಂಡು ಓದಿ, ನಿಲ್ಲಿಸಿಬಿಡಿ. ಚಿಕ್ಕ ಫೋನಿನಲ್ಲಿ ಮಾತ್ರ ಓದಬೇಡಿ. ಕಾಮಿಕ್ಸ್‌ನ ಒಂದು ಪುಟ ಅಂದರೆ ಒಂದು ಚಿತ್ರ. ಅದನ್ನು ಚೂರು ಚೂರು ಮಾಡಿ ನೋಡುವುದು ಜಾತ್ರೆಯನ್ನು ಕಿಟಕಿ ಸಂದಿಯಲ್ಲಿ ನೋಡಿದ ಹಾಗೆ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮಾರ್ವೆಲ್‌ನ 'ಇಟ್ಸ್ ಜೆಫ್' ತನ್ನಿ. ಕಾಲು ಬಂದಿರುವ ಒಂದು ಪುಟ್ಟ ಶಾರ್ಕ್ ಮರಿಯ ಕಿತಾಪತಿ. ಮಾತು ಇಲ್ಲವೇ ಇಲ್ಲ ಅನ್ನಬಹುದು, ಎಲ್ಲ ಚಿತ್ರದಲ್ಲೇ. ಇಂಗ್ಲಿಷ್ ಬರದ ಮಗುವೂ ಬಿದ್ದು ಬಿದ್ದು ನಗುತ್ತೆ.

ಇಂಗ್ಲಿಷ್ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ಕಾದಂಬರಿ ನೋಡಿದರೆ ಹೆದರುತ್ತಿದ್ದವನು ಕಾಮಿಕ್ಸ್ ಹಿಡಿದು ಓದಿದೆ. ಅರ್ಧ ಅರ್ಥ ಚಿತ್ರವೇ ಹೇಳಿಬಿಡುತ್ತೆ. ಇಲ್ಲಿ ಹೇಳಿದವುಗಳಲ್ಲಿ ಅಲ್ಟಿಮೇಟ್ ಸ್ಪೈಡರ್-ಮ್ಯಾನ್ ಭಾಷೆ ಎಲ್ಲಕ್ಕಿಂತ ಸಲೀಸು. ಮನೆಯಲ್ಲಿ ಆಡುವ ಮಾತು. ಆಬ್ಸಲ್ಯೂಟ್ ಬ್ಯಾಟ್‌ಮ್ಯಾನ್‌ನಲ್ಲಿ ಮನಸ್ಸಿನೊಳಗಿನ ಮಾತು ಉದ್ದ, ಬೀದಿ ಮಾತೂ ಇದೆ.

ಇಮೇಜ್: ಕಂಪನಿ ಬಿಟ್ಟು ಹೋದವರು

ಗುಬ್ಬಿ ಸೀಮೆಯವರಿಗೆ ನಾಟಕ ಕಂಪನಿಗಳ ಕಥೆ ಗೊತ್ತು. ಹೆಸರು ಮಾಡಿದ ಪಾತ್ರಧಾರಿ ಒಂದು ದಿನ ಮಾಲೀಕನ ಮೇಲೆ ಮುನಿದು, ಪೆಟ್ಟಿಗೆ ಹೊತ್ತು ಹೊರಟು ಸ್ವಂತ ಕಂಪನಿ ಕಟ್ಟುತ್ತಾನೆ. 1992ರಲ್ಲಿ ಕಾಮಿಕ್ಸ್‌ನಲ್ಲಿ ಆದದ್ದು ಅದೇ. ಮಾರ್ವೆಲ್‌ಗೆ ಚಿತ್ರ ಬಿಡಿಸಿ ಹೆಸರಾಗಿದ್ದ ಏಳು ಜನ ಒಟ್ಟಿಗೆ ಹೊರಬಂದು ಇಮೇಜ್ ಕಾಮಿಕ್ಸ್ ಶುರು ಮಾಡಿದರು. ಟಾಡ್ ಮೆಕ್‌ಫಾರ್ಲೇನ್, ಜಿಮ್ ಲೀ, ರಾಬ್ ಲೀಫೆಲ್ಡ್ ಎಲ್ಲ ಅದರಲ್ಲಿದ್ದರು. ಬರೆದವರದೇ, ಬಿಡಿಸಿದವರದೇ ಹಕ್ಕು ಅನ್ನುವುದು ಅವರ ಷರತ್ತು.

ಇದು ಯಾಕೆ ದೊಡ್ಡ ಮಾತು ಅಂದರೆ, ಸೂಪರ್‌ಮ್ಯಾನ್‌ನನ್ನು ಹುಟ್ಟಿಸಿದ ಜೆರ್ರಿ ಸೀಗೆಲ್, ಜೋ ಶುಸ್ಟರ್ ಇಬ್ಬರೂ 1938ರಲ್ಲಿ ಅದರ ಹಕ್ಕನ್ನು 130 ಡಾಲರ್‌ಗೆ ಬರೆದುಕೊಟ್ಟಿದ್ದರು. ಆಮೇಲಿನ ಸಿನಿಮಾ, ಆಟಿಕೆ, ಟೀ ಶರ್ಟ್ ಎಲ್ಲ ಕಂಪನಿಯ ಪಾಲು. ಓದುಗನಿಗೆ ಇದರಿಂದ ಏನಾಗಬೇಕು ಅಂತೀರಾ? ಆಗುವುದಿದೆ. ಹಕ್ಕು ಕಂಪನಿಯದಾದರೆ ಹೀರೋ ಸಾಯುವ ಹಾಗಿಲ್ಲ, ಮುದುಕ ಆಗುವ ಹಾಗಿಲ್ಲ. ಹಾಲು ಕೊಡುವ ಹಸುವನ್ನು ಯಾರು ಬಿಡುತ್ತಾರೆ? ಹಕ್ಕು ಬರೆದವನದಾದರೆ, ಸಾಕು ಅನಿಸಿದಾಗ ಮುಗಿಸಬಹುದು. ನನ್ನ ಪ್ರಶ್ನೆಯ ಬೇರು ಇರುವುದು ಇಲ್ಲಿ. (ಜಿಮ್ ಲೀ ಮಾತ್ರ 1998ರಲ್ಲಿ ತನ್ನ ಪಾಲಿನ ವೈಲ್ಡ್‌ಸ್ಟಾರ್ಮ್ ವಿಭಾಗವನ್ನು ಡಿಸಿಗೆ ಮಾರಿ, ಅಲ್ಲೇ ಯಜಮಾನಿಕೆಯ ಗಾದಿ ಏರಿದರು. ಕಂಪನಿ ನಾಟಕದಲ್ಲಿ ಇದೂ ಆಗುತ್ತಿತ್ತು ಬಿಡಿ.)

ಇಮೇಜ್‌ನಲ್ಲಿ ಸೂಪರ್‌ಹೀರೋ ಬೇಕಾದರೆ ಇನ್‌ವಿನ್ಸಿಬಲ್. ರಾಬರ್ಟ್ ಕರ್ಕ್‌ಮನ್ ಬರವಣಿಗೆ. ಚಿತ್ರ ಮೊದಲು ಕೋರಿ ವಾಕರ್, ಆಮೇಲೆ ಬಹುಪಾಲು ರಯಾನ್ ಆಟ್ಲಿ. 2003ರಲ್ಲಿ ಶುರು, 2018ರಲ್ಲಿ 144ನೇ ಸಂಚಿಕೆಗೆ ಮುಕ್ತಾಯ. ಹುಡುಗ ಬೆಳೆಯುತ್ತಾನೆ, ಸೋಲುತ್ತಾನೆ, ಅಪ್ಪ ಆಗುತ್ತಾನೆ. ಸತ್ತವರಲ್ಲಿ ಹೆಚ್ಚಿನವರು ಸತ್ತೇ ಇರುತ್ತಾರೆ. ಆ್ಯನಿಮೇಷನ್ ಸರಣಿ ನೋಡಿದವರೂ ಓದಬಹುದು. ಮೂರು ದಪ್ಪ ಕಾಂಪೆಂಡಿಯಂಗಳಲ್ಲಿ ಇಡೀ ಕಥೆ ಸಿಗುತ್ತೆ. ಒಂದೊಂದೂ ಇಟ್ಟಿಗೆಯಷ್ಟು ತೂಕ, ಮಲಗಿಕೊಂಡು ಓದಲು ಹೋದರೆ ಮೂಗಿನ ಮೇಲೆ ಬೀಳುತ್ತೆ. ನನ್ನದು ಬಿದ್ದಿದೆ. ಸಂಚಿಕೆ ಲೆಕ್ಕದಲ್ಲಿ ನೋಡಿದರೆ ಇದೂ ಅಗ್ಗವೇ. ಆದರೆ ಒಂದೇ ಸಲಕ್ಕೆ ದೊಡ್ಡ ಮೊತ್ತ ಬಿಚ್ಚಬೇಕು. ಮೂರು ಸಾವಿರದ ಹುಡುಗನಿಗೆ ಒಂದು ಕಾಂಪೆಂಡಿಯಂ ಕೊಳ್ಳುವಷ್ಟರಲ್ಲೇ ಜೇಬು ಹಗುರ. ರಕ್ತದ ವಿಷಯಕ್ಕೆ ಬಂದರೆ ಆಬ್ಸಲ್ಯೂಟ್ ಬ್ಯಾಟ್‌ಮ್ಯಾನ್ ಇದರ ಮುಂದೆ ಸಾಧು.

ಹಳ್ಳಿಯಲ್ಲಿ ಸಿಕ್ಕಿಬಿದ್ದ ಹೀರೋಗಳು

ಡಾರ್ಕ್ ಹಾರ್ಸ್ ಅನ್ನುವ ಪ್ರಕಾಶಕರು 1986ರಿಂದ ಇದ್ದಾರೆ. ಇಲ್ಲಿ ಅವರ ಹೆಸರು ಹೇಳುವವರು ಕಡಿಮೆ. ಆದರೆ ಯಾರಿಗಾದರೂ ಒಂದೇ ಒಂದು ಪುಸ್ತಕ ನನ್ನ ಕೈಯಾರೆ ಕೊಡಬೇಕು ಅಂದರೆ ಅವರ ಬ್ಲ್ಯಾಕ್ ಹ್ಯಾಮರ್ ಕೊಡುತ್ತೇನೆ. 2016ರಲ್ಲಿ ಶುರುವಾದದ್ದು. ಜೆಫ್ ಲೆಮಿರ್ ಬರವಣಿಗೆ, ಡೀನ್ ಓರ್ಮ್‌ಸ್ಟನ್ ಚಿತ್ರ.

ಲೋಕ ಉಳಿಸಿದ ಹೀರೋಗಳು ಯಾವುದೋ ಮಾಯೆಯಿಂದ ಒಂದು ಹಳ್ಳಿಯ ಪಕ್ಕದ ತೋಟದ ಮನೆಗೆ ಬಂದು ಬಿದ್ದಿದ್ದಾರೆ. ಹತ್ತು ವರ್ಷ ಆಯ್ತು. ಊರ ಗಡಿ ದಾಟಲು ಆಗುವುದಿಲ್ಲ. ಒಬ್ಬ ಮುದುಕನಿಗೆ ಇದೇ ಹಿತ. ದನ ಕರು, ಹೊಲ, ಪೇಟೆಯ ಹೋಟೆಲಿನಲ್ಲಿ ಒಂದು ಕಾಫಿ. ಅವನಿಗೆ ವಾಪಸ್ ಹೋಗುವ ಮನಸ್ಸೇ ಇಲ್ಲ. ಇನ್ನೊಬ್ಬಳಿಗೆ ಇದು ನರಕ. ಅವಳು ಒಳಗೆ ಮುದುಕಿ, ಮೈ ಮಾತ್ರ ಒಂಬತ್ತು ವರ್ಷದ ಹುಡುಗಿಯದು. ದಿನಾ ಶಾಲೆಗೆ ಹೋಗಬೇಕು.

ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್ ದೂರದಲ್ಲಿ ಬದುಕುವ ನಮಗೆ ಇದು ಬೇರೆ ತರ ತಾಗುತ್ತೆ. ಬೆಳಿಗ್ಗೆ ರೈಲಿಗೆ ಓಡಿ, ರಾತ್ರಿ ವಾಪಸ್ ಬಂದು ಬೀಳುವವರಿಗೆ 'ಊರಲ್ಲೇ ಇದ್ದುಬಿಡಲಾ, ಹೊರಟುಬಿಡಲಾ' ಅನ್ನುವುದು ವಾರಕ್ಕೊಮ್ಮೆಯಾದರೂ ಬರುವ ಯೋಚನೆ. ಆ ಯೋಚನೆಗೆ ಸೂಪರ್‌ಹೀರೋ ಬಟ್ಟೆ ಹಾಕಿದ ಕಥೆ ಇದು. ಇದರ ಹಿಂದೆ ಮುಂದೆ ಆಮೇಲೆ ಬೇಕಾದಷ್ಟು ಕಿರುಕಥೆಗಳು ಬಂದವು. ಅವೆಲ್ಲ ಬೇಕಿಲ್ಲ. ಮೂಲ ಕಥೆಯ ಸಂಪುಟಗಳು ಸಾಕು.

ಮಂಗಾ, ಹಿಂದಿ, ಕನ್ನಡ

ಬಿಡಿ ಪುಸ್ತಕದ ಬೆಲೆಯಲ್ಲಿ ಅಮೆರಿಕದವರನ್ನು ಸೋಲಿಸುವುದು ಮಂಗಾ, ಅಂದರೆ ಜಪಾನಿನ ಕಾಮಿಕ್ಸ್. ಸೂಪರ್‌ಹೀರೋ ಬೇಕಾದವರಿಗೆ ಮೈ ಹೀರೋ ಅಕಾಡೆಮಿಯಾ ಇದೆ. 2014ರಿಂದ 2024ರವರೆಗೆ, 42 ಸಂಪುಟ. ಮುಗಿದಿದೆ, ನಿಜ. ಆದರೆ 42 ಅನ್ನುವುದನ್ನು ಇನ್ನೊಮ್ಮೆ ಓದಿ. ಒಂದೊಂದು ಅಗ್ಗ, ಒಟ್ಟು ದುಬಾರಿ. ಮೂರು ಗೆಳೆಯರು ಸೇರಿ ಹಂಚಿಕೊಂಡು ಕೊಳ್ಳುವುದಾದರೆ ಸರಿ.

ಹಿಂದಿ ಓದುವವರಿಗೆ ರಾಜ್ ಕಾಮಿಕ್ಸ್ ಇದೆ. ನಾಗರಾಜ್ 1986ರಲ್ಲಿ, ಸೂಪರ್ ಕಮಾಂಡೊ ಧ್ರುವ ಮರುವರ್ಷ ಬಂದದ್ದು. ಈಗ ಸಹೋದರರ ನಡುವೆ ಪಾಲಾಗಿ ಮೂರು ಕಡೆಯಿಂದ ಪುಸ್ತಕ ಬರುತ್ತಿವೆ. ಯಾರ ಹೆಸರಿನದು ಅಂತ ನೋಡಿ ಕೊಳ್ಳಿ. ಉತ್ತರದವರಿಗೆ ಇದರ ಮೇಲೆ ಇರುವ ಪ್ರೀತಿ ನನಗೆ ಅರ್ಥವಾಗುತ್ತೆ, ಹಂಚಿಕೊಳ್ಳಲು ಆಗುವುದಿಲ್ಲ. ನಾನು ಬೆಳೆದದ್ದು ಬೇರೆ ಕಡೆ.

ಬೆಳೆದದ್ದು ಮಾವನ ಮನೆ ಅಟ್ಟದ ಮೇಲಿದ್ದ ಕನ್ನಡ ಇಂದ್ರಜಾಲ ಕಾಮಿಕ್ಸ್ ಕಟ್ಟಿನ ಜೊತೆ. 1964ರಿಂದ 1990ರವರೆಗೆ ಟೈಮ್ಸ್ ಆಫ್ ಇಂಡಿಯಾದವರು ತಂದದ್ದು. ಅದರಲ್ಲಿ ಫ್ಯಾಂಟಮ್‌ನ ಕಾಡು ಡೆಂಕಾಲಿಯಲ್ಲಿತ್ತು. ಮೂಲದಲ್ಲಿ ಅದು ಬಂಗಾಲ್ಲಾ. ನಮ್ಮ ಬಂಗಾಳ ಅಂದುಕೊಂಡಾರು ಅಂತ ಬದಲಾಯಿಸಿದ್ದರಂತೆ. ಅದು ಮುಗಿದ ಮೇಲೆ ಬಾಲಮಂಗಳದ ಡಿಂಗ. ಇಲಿ, ಆದರೂ ಹಾರುತ್ತಿತ್ತು. ಇವತ್ತು ಡಿಸಿ, ಮಾರ್ವೆಲ್‌ನ ಹೊಸ ಕಥೆಗಳನ್ನು ಕನ್ನಡದಲ್ಲಿ ಓದುವ ಹಾಗಿಲ್ಲ. ಸಿನಿಮಾ ಕನ್ನಡಕ್ಕೆ ಡಬ್ ಆಗಿ ಬರುತ್ತೆ, ಪುಸ್ತಕ ಬರಲ್ಲ. ನಲವತ್ತು ವರ್ಷದ ಹಿಂದೆ ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತಿದ್ದದ್ದು ಈಗ ಇಲ್ಲ ಅಂದರೆ ಹೊಟ್ಟೆ ಉರಿಯುತ್ತೆ, ಅಲ್ವಾ?

ಎಲ್ಲಿ ಕೊಳ್ಳುವುದು

ಇಲ್ಲಿನ ಪುಸ್ತಕದಂಗಡಿಗಳಲ್ಲಿ ಗೈಡು, ಸ್ಪರ್ಧಾತ್ಮಕ ಪರೀಕ್ಷೆ ಪುಸ್ತಕ ಬೇಕಾದಷ್ಟು. ಕಾಮಿಕ್ಸ್ ಹುಡುಕಿದರೆ ಮಕ್ಕಳ ಬಣ್ಣ ಹಚ್ಚುವ ಪುಸ್ತಕ ತೋರಿಸುತ್ತಾರೆ. ಉಳಿದದ್ದು ಎರಡು ದಾರಿ.

ಒಂದು ರೈಲು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ಬ್ಲಾಸಮ್, ಬುಕ್‌ವರ್ಮ್ ಎರಡೂ ಇವೆ. ಹಳೆ ಪುಸ್ತಕವೂ ಸಿಗುತ್ತೆ. ಪುಟ ತಿರುಗಿಸಿ, ಚಿತ್ರ ನೋಡಿ, ಅಕ್ಷರದ ಅಳತೆ ನೋಡಿ ಕೊಳ್ಳಬಹುದು. ಮೊದಲ ಪುಸ್ತಕವನ್ನಾದರೂ ಹೀಗೆ ಕೊಳ್ಳಿ. ಕಾಮಿಕ್ಸ್‌ನಲ್ಲಿ ಚಿತ್ರ ಹಿಡಿಸದಿದ್ದರೆ ಕಥೆ ಎಷ್ಟು ಚೆನ್ನಾಗಿದ್ದರೂ ಓದು ಮುಂದೆ ಹೋಗಲ್ಲ. ಅದು ಕಣ್ಣಿಗೆ ಬೀಳದೆ ಗೊತ್ತಾಗುವುದಿಲ್ಲ.

ಎರಡನೆಯದು ಆನ್‌ಲೈನ್. ಅಗ್ಗ, ಆದರೆ ಎಚ್ಚರ. ನನಗೆ ಒಬ್ಬ ಮಾರಾಟಗಾರ ಮೊದಲ ಸಂಪುಟ ಅಂತ ಎರಡನೆಯದನ್ನು ಕಳಿಸಿದ್ದ, ಮೂಲೆ ನಾಯಿ ಕಚ್ಚಿದ ಹಾಗೆ ಮುದುಡಿತ್ತು. ಬರೀ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಳಿಸಿದರೆ ಇನ್ನೇನಾಗುತ್ತೆ. ವಾಪಸ್ ಮಾಡಲು ಮೂರು ವಾರ ಹಿಡಿಯಿತು. ಅಂದಿನಿಂದ ಪಾರ್ಸೆಲ್ ಬಿಚ್ಚುವುದನ್ನು ಫೋನಿನಲ್ಲಿ ವಿಡಿಯೋ ಮಾಡುತ್ತೇನೆ. ಮನೆಯವರು ನಗುತ್ತಾರೆ, ನಗಲಿ. ಬೆಲೆ ಮಾತ್ರ ದಿನಕ್ಕೊಂದು ತರ. ಬೇಕಾದದ್ದನ್ನು ಪಟ್ಟಿಗೆ ಹಾಕಿ ಒಂದು ತಿಂಗಳು ಕಾದರೆ ಎಷ್ಟೋ ಸಲ ಮೂರನೇ ಒಂದು ಪಾಲು ಇಳಿದಿರುತ್ತೆ.

ಹುಡುಗನಿಗೆ ನಾನು ಹಾಕಿಕೊಟ್ಟ ಲೆಕ್ಕ ಹೀಗಿತ್ತು: ಆಲ್-ಸ್ಟಾರ್ ಸೂಪರ್‌ಮ್ಯಾನ್ ಕಾಂಪ್ಯಾಕ್ಟ್ ಒಂದು, ಅಲ್ಟಿಮೇಟ್ ಸ್ಪೈಡರ್-ಮ್ಯಾನ್ ಮೊದಲ ಸಂಪುಟ ಒಂದು, ಉಳಿದರೆ ಬ್ಲ್ಯಾಕ್ ಹ್ಯಾಮರ್. ಮೂರು ಪ್ರಕಾಶಕರು, ಮೂರು ರುಚಿ. ಯಾವುದು ಹಿಡಿಸಿತು ಅಂತ ನೋಡಿಕೊಂಡು ಮುಂದೆ ಹೋಗು ಅಂದೆ. "ಆಯ್ತು ಮಾವ" ಅಂತ ತಲೆ ಆಡಿಸಿದ.

ಮುಂದಿನ ಭಾನುವಾರ ಚರ್ಚ್ ಸ್ಟ್ರೀಟ್‌ಗೆ ಹೋಗಿ ಆಬ್ಸಲ್ಯೂಟ್ ಬ್ಯಾಟ್‌ಮ್ಯಾನ್ ತಂದ. ಇಂಜಿನಿಯರ್ ಬ್ಯಾಟ್‌ಮ್ಯಾನ್ ಅಂದಮೇಲೆ ನನ್ನ ಪಟ್ಟಿ ಯಾರಿಗೆ ಬೇಕು? ಈಗ ಎರಡನೇ ಸಂಪುಟಕ್ಕೆ ದುಡ್ಡು ಕೂಡಿಸುತ್ತಿದ್ದಾನೆ. ಹೋದ ವಾರ ಅಕ್ಕನ ಮನೆಗೆ ಹೋಗಿದ್ದಾಗ ಅವನ ಟೇಬಲ್ ಮೇಲಿದ್ದ ಮೊದಲನೆಯದನ್ನು ಬ್ಯಾಗಿಗೆ ಹಾಕಿಕೊಂಡು ಬಂದೆ. ನನ್ನದು ಯಾರೋ ಗೆಳೆಯ ತಗೊಂಡು ಹೋಗಿ ವಾಪಸ್ ಕೊಟ್ಟಿಲ್ಲ. ಅವನಿನ್ನೂ ಗಮನಿಸಿಲ್ಲ ಅನಿಸುತ್ತೆ.